ಕಪ್ಪು ಬಾನೆಟ್ಟಿನ ಮೇಲಿನ ಗೆರೆಗಳು

"ಇವತ್ತು ಆರು ಗೆರಿ ಮೂಡ್ಯಾವ್ರಿ ಅಕ್ಕಾರ," ಎಂದಳು ಆ ಹೆಂಗಸು, ಬಾಗಿಲಲ್ಲಿ ನಿಂತುಕೊಂಡೇ. "ನಾಳೆ ಏಳು ಮೂಡಿದ್ರ ನಮ್ಮ ರಾಯಕ್ಕನ ಹಲ್ಲು ಮುರೀತಾರ."

ಸಿದ್ದಲಿಂಗವ್ವ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟರು. "ಒಳಗ ಬಾ. ಕುಂದ್ರು. ಮೊದಲ ಗೆರಿಯಿಂದ ಹೇಳು."

ಬೈಲಹೊಂಗಲದಲ್ಲಿ ಸಿದ್ದಲಿಂಗವ್ವನವರನ್ನು ಅರಿಯದವರು ಕಡಿಮೆ. ಗಂಡ ತೀರಿಕೊಂಡ ಮೇಲೆ ಗಾಡಿಗಳಿಗೆ ಬಣ್ಣ ಹೊಡೆಯುವ ಅವನ ಶೆಡ್ಡನ್ನು ಮೂವತ್ತು ವರ್ಷ ತಾವೇ ನಡೆಸಿದವರು. ಲಾರಿಯಿರಲಿ, ಟ್ರ್ಯಾಕ್ಟರ್ ಇರಲಿ, ಬಣ್ಣದ ಕೆಳಗೆ ಏನನ್ನು ಮುಚ್ಚಿಟ್ಟಿದ್ದಾರೆ ಎಂಬುದನ್ನು ಹೆಬ್ಬೆರಳಿನ ಉಗುರಿನಿಂದಲೇ ಹೇಳಬಲ್ಲವರು. ಕದ್ದ ಗಾಡಿಗಳನ್ನು ಗುರುತಿಸಿಕೊಡುತ್ತ ಆರಂಭವಾದ ಈ ಅಭ್ಯಾಸ ನಿಧಾನವಾಗಿ ಮನುಷ್ಯರ ಕಡೆಗೂ ತಿರುಗಿತ್ತು. ನಾನು ಅವರ ಮೇಲಿನ ಕೋಣೆಯ ಬಾಡಿಗೆದಾರ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಕಂಡದ್ದನ್ನು ಅಂದಂದೇ ಬರೆದಿಡುವ ಚಟ ನನಗಿರುವುದರಿಂದ, ಆ ಶನಿವಾರ ಮತ್ತು ಭಾನುವಾರ ನಡೆದದ್ದನ್ನು ಕ್ರಮ ತಪ್ಪದೆ ಹೇಳಬಲ್ಲೆ.

ಬಂದಾಕೆ ಅನ್ನಪೂರ್ಣಾ, ಬೀಜ-ಗೊಬ್ಬರದ ಅಂಗಡಿಯ ದುಂಡಪ್ಪನ ಹೆಂಡತಿ. ಮನೆಯಲ್ಲಿ ನಾಲ್ಕೇ ಜನ: ಗಂಡ-ಹೆಂಡತಿ, ಆಕೆಯ ತಮ್ಮ ಅರ್ಜುನ, ಮತ್ತು ದುಂಡಪ್ಪನ ವೈನಿ, ಎಂದರೆ ತೀರಿಹೋದ ಅಣ್ಣನ ಹೆಂಡತಿ, ರಾಯವ್ವ. ತಿಂಗಳ ಹಿಂದೆ ದುಂಡಪ್ಪ ಕಪ್ಪು ಬಣ್ಣದ ಹೊಸ ಕಾರು ತಂದಿದ್ದ. ಕಳೆದ ಸೋಮವಾರ ಬೆಳಿಗ್ಗೆ ಅದರ ಬಾನೆಟ್ಟಿನ ಮೇಲೆ ಒಂದು ಗೆರೆ. ಮಂಗಳವಾರ ಎರಡು. ಬುಧವಾರ ಮೂರು.

"ಗೀರಿದ್ದು ಗೀರಿದಂಗ ಇದ್ರ ಯಾರೋ ಹುಡುಗ್ರ ಕೆಲಸ ಅಂತಿದ್ವಿ," ಎಂದಳು. "ಆದ್ರ ಮುಂಜಾನೆ ಇದ್ದದ್ದು ಮಧ್ಯಾಹ್ನಕ್ಕ ಇರೂದಿಲ್ರಿ! ತಾನ ಮಾಯ. ಮರುದಿನ ಒಂದು ಹೆಚ್ಚಿಗಿ. ಎದುರುಮನಿ ಕೃಷ್ಣವ್ವ ಬಂದು ನೋಡಿ, ಇದು ಭಾನಾಮತಿ, ಏಳು ಗೆರಿ ತುಂಬಿದ್ರ ಮನ್ಯಾಗ ಹೆಣ ಬೀಳತೈತಿ ಅಂದ್ಲು. ಮನ್ಯಾಗ ವಿಧವಿ ಯಾರದಾರ, ಮಕ್ಕಳಿಲ್ಲದಾಕಿ ಯಾರದಾಳ ಅಂತ ಓಣಿ ಮಂದಿ ಲೆಕ್ಕ ಹಾಕಿದ್ರು."

ಭಾನಾಮತಿ ಮಾಡುವವರ ಹಲ್ಲು ಮುರಿದರೆ ಮಂತ್ರ ಬಾಯಿಂದ ಸರಿಯಾಗಿ ಹೊರಡುವುದಿಲ್ಲ ಎಂಬುದು ಹಳೆಯ ನಂಬಿಕೆ. ಅದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಎದುರಿಗೆ ಕುಳಿತ ಹೆಂಗಸಿನ ಬಾಯಿಂದ ಕೇಳಿದ್ದು ಅದೇ ಮೊದಲು.

"ದಿನಾ ಬಿಸಿಲಿತ್ತೇನು?" ಸಿದ್ದಲಿಂಗವ್ವ ಕೇಳಿದರು.

"ಗುರುವಾರ ಮಾತ್ರ ಮೋಡ ಇತ್ರಿ. ಅವತ್ತು ಸಂಜೀತನಾ ಗೆರಿ ಹೋಗಲಿಲ್ಲ. ಆಮ್ಯಾಲ ಎಲ್ಲವ್ವನ ಹೆಸರಿನಾಗ ಭಂಡಾರ, ಚೆಂಡುಹೂವು ಹಾಕಿ ನೀರು ಸುರುವಿದ್ವಿ. ಮಂದಿ ಕಣ್ಣಮುಂದನ ಹೋದುವು. ಬಾನೆಟ್ಟಿನ ಮ್ಯಾಲಿನ ಹೂವೆಲ್ಲಾ ಬೇಯಿಸಿದ ಪಲ್ಲೇದಂಗ ಬಾಡಿ ಬಿದ್ದಿದ್ವು. ಅದನ್ನ ನೋಡಿ ಎಲ್ಲಾರೂ ಇನ್ನಷ್ಟು ಅಂಜಿದ್ರು."

"ನೀರು ತಂದವ್ರು ಯಾರು?"

"ನನ್ನ ತಮ್ಮ ಅರ್ಜುನ."

ಸಿದ್ದಲಿಂಗವ್ವ ಎದ್ದು ಚಪ್ಪಲಿ ಮೆಟ್ಟಿಕೊಂಡರು.

ದುಂಡಪ್ಪನ ಓಣಿಯಲ್ಲಿ ಒಂಬತ್ತು ಗಂಟೆಯ ಹೊತ್ತಿಗೂ ಬಾಗಿಲುಗಳು ಮುಚ್ಚಿದ್ದವು. ಪ್ರತಿ ಹೊಸ್ತಿಲ ಮೇಲೂ ಬೇವಿನ ಸೊಪ್ಪು, ನಿಂಬೆಹಣ್ಣು. ನಾವು ಹಾದುಹೋಗುವಾಗ ಒಂದು ಕಿಟಕಿ ಮೆಲ್ಲಗೆ ತೆರೆದು ಮತ್ತೆ ಮುಚ್ಚಿಕೊಂಡಿತು. ಗೋಡೆ ಸುತ್ತಿದ ದೊಡ್ಡ ಅಂಗಳದ ನಟ್ಟನಡುವೆ, ಬೇವಿನ ಮರದಿಂದ ಸಾಕಷ್ಟು ದೂರದಲ್ಲಿ, ಬಿಸಿಲಿಗೆ ಕಾರು ನಿಂತಿತ್ತು. ಬಾನೆಟ್ಟಿನ ಮೇಲೆ ಗೇಣುದ್ದದ ಆರು ಮಸುಕು ಗೆರೆಗಳು. ಕೈಯ ಉಗುರುಗಳಿಂದ ಯಾರೋ ಪರಚಿದಂತೆ.

ದುಂಡಪ್ಪ ಮೆತ್ತನೆಯ ಬಟ್ಟೆಯಿಂದ ಕಾರಿನ ಮಾಡು ಒರೆಸುತ್ತಿದ್ದ. "ಮರದ ಕೆಳಗ ನಿಲ್ಲಸಾಕ ಆಗೂದಿಲ್ರಿ ಅಕ್ಕಾರ. ಹಕ್ಕಿ ಹೇತ್ರ ಬಣ್ಣ ತಿಂತೈತಿ. ಬಿಸಿಲಿಗೆ ನಿಲ್ಲಿಸಿದ್ರ ಬಣ್ಣ ಸುಡತೈತಿ. ನೆರಳಿಗೆ ಒಂದು ಜಾಗ ಇಲ್ಲ ಈ ಮನ್ಯಾಗ. ಅದರ ಮ್ಯಾಲ ಈ ಕಾಟ."

ನಾನು ಗೆರೆಗಳನ್ನು ನೋಡಲು ಬಾಗಿದಾಗ ಹೆಗಲ ಚೀಲ ಕಾರಿನ ಬಾಗಿಲಿಗೆ ತಾಗುವಂತಾಯಿತು. "ಸರ್ರ! ಚೀಲಾ ದೂರ ಹಿಡೀರಿ! ಬಕಲ್ ಬಡದ್ರ ಗೀರ್ ಬೀಳತೈತಿ!" ಎಂದು ಅವನು ಕೂಗಿದ ರಭಸಕ್ಕೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಸಿದ್ದಲಿಂಗವ್ವ ಅಷ್ಟರಲ್ಲಿ ಬಾನೆಟ್ಟಿನ ಅಂಚಿಗೆ ಹೆಬ್ಬೆರಳಿನ ಉಗುರನ್ನು ಒತ್ತಿ ಉದ್ದಕ್ಕೂ ಎಳೆಯುತ್ತಿದ್ದರು. ಅವನು ಸುಮ್ಮನೆ ನೋಡುತ್ತಿದ್ದ.

"ಇದರ ಮ್ಯಾಲ ಏನರ ಹಚ್ಚಿಸೀಯೇನು, ದುಂಡಪ್ಪ?"

"ಏನಿಲ್ರಿ. ಕಂಪನಿ ಬಣ್ಣ ಹೆಂಗ ಬಂದೈತಿ ಹಂಗ. ಬೆಳಗಾವಿಂದ ತಂದ ಮ್ಯಾಲ ಎರಡು ದಿನ ಅರ್ಜುನ ಹೊಡಕೊಂಡು ಅಡ್ಡಾಡ್ಯಾನ, ಅಷ್ಟ."

ಮೂಲೆಯಲ್ಲಿದ್ದ ಅರ್ಜುನ ಮುಖ ತಿರುಗಿಸಿದ. ಇಪ್ಪತ್ತೈದರ ಹುಡುಗ, ನಮ್ಮನ್ನು ನೋಡಿದಾಗಿನಿಂದ ಬೆವರುತ್ತಿದ್ದ.

ನಾನು ಗೆರೆಯ ಮೇಲೆ ಬೆರಳಾಡಿಸಿದೆ. ಬೆರಳಿಗೆ ಪುಡಿ ಹತ್ತಲಿಲ್ಲ, ಜಿಡ್ಡು ಹತ್ತಲಿಲ್ಲ. ಸುಣ್ಣವಲ್ಲ, ಮೇಣವಲ್ಲ. ಹನ್ನೊಂದೂವರೆಗೆ, ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದಂತೆಯೇ, ಒಂದು ಗೆರೆಯ ತುದಿ ತೆಳುವಾಯಿತು. ಆಮೇಲೆ ನಡು. ಹನ್ನೆರಡಕ್ಕೆ ಬಾನೆಟ್ಟು ಬಾವಿಯ ನೀರಿನಂತೆ ಕಪ್ಪಗೆ, ನಯವಾಗಿ ಹೊಳೆಯುತ್ತಿತ್ತು. ವಿಜ್ಞಾನ ಓದಿದವನೆಂಬ ನನ್ನ ಧೈರ್ಯ ಆ ಅರ್ಧ ಗಂಟೆ ನನ್ನ ಜೊತೆಗಿರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ರಾಯವ್ವನ ಕೋಣೆ ಅಂಗಳಕ್ಕೇ ಮುಖ ಮಾಡಿತ್ತು. ಮಾಡಿನ ಎರಡು ಹಂಚು ಒಡೆದಿದ್ದವು. ರಾತ್ರಿ ಯಾರೋ ಕಲ್ಲು ಎಸೆದಿದ್ದರು. ಐವತ್ತೈದರ ಆ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡೇ ಮಾತಾಡಿದಳು. ಹಲ್ಲು ಯಾರಿಗೂ ಕಾಣಬಾರದೆಂದೇ ಹಾಗೆ ಎಂಬುದು ನನಗೆ ತಡವಾಗಿ ತಿಳಿಯಿತು.

"ಕಟಕೋಳದಾಗ ನನ್ನ ತವರುಮನಿ ಬಿದ್ದು ಹೋಗೇತಿ. ಎಲ್ಲಿಗೆ ಹೋಗ್ಲಿ? ಹೋದ ತಿಂಗಳ ದುಂಡಪ್ಪ, ವೈನಿ ಹಿಂದಿನ ಕ್ವಾಣ್ಯಾಗ ಇರು ಅಂದ. ಇದು ನನ್ನ ಪಾಲಿಂದು, ಇಲ್ಲೇ ಸಾಯತೇನಿ ಅಂದೆ. ಈಗ ನೋಡ್ರಿ, ನನ್ನ ಗ್ವಾಡಿ ಮ್ಯಾಲೂ ಬಂದೈತಿ."

ಹೊರಗೋಡೆಯ ಮೇಲೆ, ಬಾಗಿಲಿನ ಎರಡೂ ಬದಿಗೆ, ನೆಲದಿಂದ ಆಳೆತ್ತರದವರೆಗೆ ಒಂದೊಂದು ನೆಟ್ಟನೆಯ ಕೆಂಪು ಗೆರೆ. ಸಿದ್ದಲಿಂಗವ್ವ ಒಂದನ್ನು ಮುಟ್ಟಿ ಬೆರಳು ಮೂಸಿದರು. "ಇದು ಕಾವಿ. ಗ್ವಾಡಿ ಕೆಲಸದ ಗೌಂಡಿ ದಾರಾ ಬಡದ ಅಳತಿ ಗುರುತು," ಎಂದು, ಒಂದು ಗೆರೆಯಿಂದ ಇನ್ನೊಂದಕ್ಕೆ ಹೆಜ್ಜೆ ಅಳೆದರು. ನಾಲ್ಕು ಹೆಜ್ಜೆ. ಕೋಣೆಯ ಆಳ ಎಂಟು.

ಮಧ್ಯಾಹ್ನದ ಬಸ್ಸಿಗೆ ನಾವು ಕಿತ್ತೂರಿಗೆ ಹೋದೆವು. ಹೆದ್ದಾರಿಯ ಪಕ್ಕದಲ್ಲಿ ಹೊಸ ಕಾರುಗಳಿಗೆ ಪಾರದರ್ಶಕ ಫಿಲ್ಮ್ ಹಚ್ಚುವ ಅಂಗಡಿಯೊಂದಿದೆ. ಅಲ್ಲಿದ್ದವನು ಫಿಲ್ಮ್ ಹಚ್ಚಿದ ಒಂದು ಕಪ್ಪು ತಗಡನ್ನು ಮುಂದಿಟ್ಟು, ಹಿತ್ತಾಳೆ ತಂತಿಯ ಬ್ರಷ್ಷಿನಿಂದ ಗೀರಿದ. ಮಸುಕು ಗೆರೆಗಳು ಮೂಡಿದವು. ಕೆಟಲಿನ ಬಿಸಿನೀರು ಸುರಿದ. ಗೆರೆಗಳು ಹೋದವು.

"ಗೀರ್ ಬೀಳೂದು ಫಿಲ್ಮಿಗ್ರಿ, ಬಣ್ಣಕ್ಕಲ್ಲ," ಎಂದ. "ಕಾವು ತಾಗಿದ್ರ ಅದರ ಮೈ ತಾನ ಕೂಡ್ಕೊಂತೈತಿ. ಭಾಳ ಮಂದಿ ಮುಂದಿನ ಭಾಗಕ್ಕಷ್ಟ ಹಾಕಸ್ತಾರ. ಬಂಪರು, ಬಾನೆಟ್ಟು, ಗಾಲಿ ಮ್ಯಾಲಿನ ಫೆಂಡರು. ಹೈವೇದಾಗ ಕಲ್ಲು ಸಿಡಿಯೂದು ಅಲ್ಲೇ. ಬಾಗಿಲಿಗೆ ಹಾಕಸಂಗಿಲ್ಲ."

ನನ್ನ ನಾಚಿಕೆಗೆ ಮಿತಿಯಿರಲಿಲ್ಲ. ಶಾಖಕ್ಕೆ ಮೆತ್ತಗಾಗಿ ಮೊದಲಿನ ಆಕಾರಕ್ಕೆ ಮರಳುವ ಪಾಲಿಮರ್‌ಗಳ ಪಾಠವನ್ನು ಪ್ರತಿ ವರ್ಷ ನಾನೇ ಮಾಡುತ್ತೇನೆ.

"ಬೈಲಹೊಂಗಲದ ಕಪ್ಪು ಕಾರಿಗೆ ಹಾಕಿಯೇನು?" ಸಿದ್ದಲಿಂಗವ್ವ ಕೇಳಿದರು.

"ಗಿರಾಕಿ ಹೆಸರು ಹೇಳಂಗಿಲ್ರಿ, ಅವ್ವಾರ."

"ಬ್ಯಾಡ ಬಿಡು. ಆ ಬ್ರಷ್ ಕೊಡು."

ಮರಳುವ ಬಸ್ಸಿನಲ್ಲಿ ಅವರೆಂದರು: "ಬಾನೆಟ್ಟಿನ ಮಡಿಕಿ ಅಂಚಿನಾಗ ನನ್ನ ಉಗುರಿಗೆ ಫಿಲ್ಮಿನ ತುದಿ ಸಿಕ್ಕಿತ್ತು. ಗೀರಿದ್ದು ಹೆಂಗ, ಹೋಗಿದ್ದು ಹೆಂಗ ಅನ್ನೂದು ತಿಳೀತು. ಫಿಲ್ಮ್ ಐತಿ ಅನ್ನೂದು ಆ ಮನ್ಯಾಗ ಯಾರಿಗೆ ಗೊತ್ತು? ಅದಷ್ಟ ಉಳಿದದ್ದು, ಸರ್ರ."

ಭಾನುವಾರ ಬೆಳಿಗ್ಗೆ ಏಳು ಗೆರೆ ಮೂಡಿದ್ದವು.

ಓಣಿಯ ಹಿರಿಯ ನಿಜಗುಣಪ್ಪ ಕಟ್ಟೆಯ ಮೇಲೆ ಕುಳಿತಿದ್ದರು. ಅಂಗಳದಲ್ಲಿ ಹತ್ತು-ಹನ್ನೆರಡು ಜನ. ಗೋಡೆಗೆ ಒರಗಿಸಿದ ಒಂದು ಇಕ್ಕಳ ನನ್ನ ಕಣ್ಣಿಗೆ ಬಿತ್ತು. ತಂದವರು ಯಾರೆಂದು ಯಾರೂ ಕೇಳುತ್ತಿರಲಿಲ್ಲ. ರಾಯವ್ವ ನೆಲದ ಮೇಲೆ, ಬಾಯಿಗೆ ಸೆರಗು.

"ಏಳು ತುಂಬ್ಯಾವ," ಎಂದಳು ಕೃಷ್ಣವ್ವ. "ಇನ್ನ ಯಾರ ಹೆಣಕ್ಕ ಕಾಯೋದು? ಅಕಿ ಕಟಕೋಳಕ್ಕರ ಹೋಗ್ಲಿ, ಇಲ್ಲಾ ಬಾಯರ ತಗೀಲಿ."

"ವೈನಿ ಮ್ಯಾಲ ನನಗ ಸಿಟ್ಟಿಲ್ರಿ," ದುಂಡಪ್ಪ ತಲೆ ತಗ್ಗಿಸಿ ಹೇಳಿದ. "ಆದ್ರ ಮಂದಿ ಮಾತಿಗೆ ನಾ ಏನ್ ಮಾಡ್ಲಿ? ಹೋಗೂದ ಛಲೋ. ನಾನ ಬಿಟ್ಟು ಬರತೇನಿ."

"ಸ್ವಲ್ಪ ತಡೀರಿ," ಎಂದು ಸಿದ್ದಲಿಂಗವ್ವ ಕಾರಿನ ಹತ್ತಿರ ನಡೆದರು. ಸೆರಗಿನೊಳಗಿಂದ ಹಿತ್ತಾಳೆ ಬ್ರಷ್ ತೆಗೆದು, ಅದರ ಅಂಚಿನಿಂದ ಬಾನೆಟ್ಟಿನ ಮೇಲೆ ಬರ್ರನೆ ಒಮ್ಮೆ ಎಳೆದರು.

ಅನ್ನಪೂರ್ಣಾ ಚೀರಿದಳು. ಅರ್ಜುನ "ಏಯ್ ಅಕ್ಕಾರ!" ಎನ್ನುತ್ತ ಓಡಿಬಂದು ಅವರ ಕೈ ಹಿಡಿಯಲು ನೋಡಿದ. ಕೃಷ್ಣವ್ವ ಬಾಯಿಗೆ ಕೈಯಿಟ್ಟಳು. ನಿಜಗುಣಪ್ಪನವರೇ ಎದ್ದು ನಿಂತರು. ಎಂಟನೆಯ ಗೆರೆ ಉಳಿದ ಏಳರ ಪಕ್ಕದಲ್ಲಿ, ಅವುಗಳ ಹಾಗೆಯೇ, ಮಸುಕಾಗಿ ಮೂಡಿತ್ತು.

ದುಂಡಪ್ಪ ನಿಂತಲ್ಲಿಯೇ ನಿಂತಿದ್ದ.

ಸಿದ್ದಲಿಂಗವ್ವ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಬ್ರಷ್ಷನ್ನು ಕಾರಿನ ಬಾಗಿಲಿನ ಹತ್ತಿರ ಎತ್ತಿದರು.

"ಅಲ್ಲಿ ಬ್ಯಾಡ!" ದುಂಡಪ್ಪ ಜಿಗಿದು ಬಂದು ಬಾಗಿಲಿಗೆ ಬೆನ್ನು ಕೊಟ್ಟು ಎರಡೂ ತೋಳು ಚಾಚಿದ. "ಅಲ್ಲಿ ಬಣ್ಣ ಐತಿ!"

ತಾನು ಏನಂದೆನೆಂದು ಅವನಿಗೇ ಹೊಳೆಯಲು ಒಂದು ಗಳಿಗೆ ಬೇಕಾಯಿತು.

"ಹಂಗಾದ್ರ ಬಾನೆಟ್ಟಿನ ಮ್ಯಾಲ ಏನೈತಿ, ದುಂಡಪ್ಪ?" ಸಿದ್ದಲಿಂಗವ್ವ ಮೆಲ್ಲಗೆ ಕೇಳಿದರು.

ಅವನು ಚಾಚಿದ ತೋಳುಗಳನ್ನು ಇಳಿಸಿದ. ಅವರು ಜನರ ಕಡೆ ತಿರುಗಿ, ಕಿತ್ತೂರಿನಲ್ಲಿ ಕಂಡದ್ದನ್ನು ವಿವರಿಸಿದರು. ಮೊದಲು ಫಿಲ್ಮಿನ ಗುಣ. ಅನ್ನಪೂರ್ಣಾ ಒಳಗಿನಿಂದ ಬಿಸಿನೀರು ತಂದಳು, ನಾನು ಸುರಿದೆ, ಎಂಟು ಗೆರೆಗಳೂ ಎಲ್ಲರ ಕಣ್ಣೆದುರು ಕರಗಿದವು. ಎಲ್ಲವ್ವನ ಹೆಸರು ಯಾರೂ ಹೇಳಿರಲಿಲ್ಲ.

"ಏಳು ದಿನ ಗೀರಿದಾವ ಒಮ್ಮೆನೂ ಬಾಗಿಲಿಗೆ, ಮಾಡಿಗೆ ಕೈ ಹಚ್ಚಲಿಲ್ಲ," ಎಂದರು ಸಿದ್ದಲಿಂಗವ್ವ. "ದೆವ್ವಕ್ಕ ಫಿಲ್ಮ್ ಎಲ್ಲಿ ಮುಗೀತೈತಿ ಅಂತ ಗೊತ್ತಿರತೈತೇನು? ಗುರುವಾರ ಮೋಡ. ಗೆರಿ ಹೋಗ್ಲಿಲ್ಲ, ನೀರು ಸುರುವಿದ್ರಿ. ತಣ್ಣೀರಿಗೆ ಚೆಂಡುಹೂವು ಬೇಯೂದಿಲ್ಲ. ಅರ್ಜುನ, ಆ ನೀರು ಎಲ್ಲಿಂದ ತಂದಿ?"

"ಹಂಡೇದಾಗಿಂದ್ರಿ," ಅರ್ಜುನ ತೊದಲಿದ. "ದುಂಡಪ್ಪ ಮಾಮಾ ತಾ ಅಂದ. ದೇವರ ನೀರಿಗೆ ಬಿಸಿ ಯಾಕ ಅಂದೆ. ಬಾಯಿ ಮುಚ್ಚು ಅಂದ. ಎರಡು ದಿನ ಕಾರು ನನ್ನ ಹತ್ರ ಇತ್ತಂತಾನ. ಸುಳ್ಳ್ರಿ! ತಾನ ಒಯ್ದಿದ್ದ. ಮನ್ಯಾಗ ಇರಾಕ ಜಾಗ ಕೊಟ್ಟಾನಂತ ನಾ ಸುಮ್ಮನಿದ್ದೆ."

"ನಿನ್ನೆ ಸರ್ರ ಚೀಲ ಬಾಗಿಲ ಸನೇಕ ಬಂದದ್ದಕ್ಕ ಒದರಿದಾವ, ನಾ ಬಾನೆಟ್ಟಿಗೆ ಉಗುರು ಎಳದಾಗ ಸುಮ್ಮನಿದ್ದ. ಆಗ ನನಗ ಸಂಶೇ ಬಂತು. ಇವತ್ತು ನೀವೆಲ್ಲಾ ಓಡಿಬಂದ್ರಿ, ಕಾರಿನ ಯಜಮಾನ ಬರಲಿಲ್ಲ. ಫಿಲ್ಮ್ ಐತಿ ಅಂತ ಅವನೊಬ್ಬನಿಗೆ ಗೊತ್ತಿತ್ತು."

"ಆದ್ರ ಯಾಕ?" ನಿಜಗುಣಪ್ಪ ಕೇಳಿದರು. "ಸ್ವಂತ ವೈನಿ ಮ್ಯಾಲ?"

ಸಿದ್ದಲಿಂಗವ್ವ ರಾಯವ್ವನ ಗೋಡೆಯ ಕೆಂಪು ಗೆರೆಗಳನ್ನು ತೋರಿಸಿದರು. "ನಾಲ್ಕು ಹೆಜ್ಜಿ ಅಗಲ, ಎಂಟು ಹೆಜ್ಜಿ ಆಳ. ಗ್ವಾಡಿ ಒಡದ್ರ ಕಾರು ಸರಿಯಾಗಿ ಕುಂದರತೈತಿ. ಗೌಂಡಿನ ಕರೆಸಿ ಅಳತಿ ಹಾಕ್ಸ್ಯಾನ. ಪಾಲಿನ ಕ್ವಾಣಿ, ಜೋರ್ ಮಾಡಿ ಬಿಡಿಸಿದ್ರ ಓಣಿ ಉಗಳತೈತಿ. ಓಣಿನ ಅಕಿನ್ನ ಓಡಿಸಿದ್ರ?"

ಜನ ಕೆಂಪು ಗೆರೆಗಳನ್ನು ನೋಡಿದರು. ಅನ್ನಪೂರ್ಣಾ ಗಂಡನ ಹತ್ತಿರ ಬಂದು, ಬಹಳ ಸಣ್ಣ ದನಿಯಲ್ಲಿ, "ಹಲ್ಲು ಮುರೀತೀವಿ ಅಂದಾಗೂ ಸುಮ್ಮನಿದ್ರೆಲ್ರಿ," ಎಂದಳು.

"ಅಷ್ಟು ಮಟ್ಟ ಹೋಗತೈತಿ ಅಂತ ನನಗ..." ದುಂಡಪ್ಪನ ಕಣ್ಣು ಗೋಡೆಗೆ ಒರಗಿದ ಇಕ್ಕಳದ ಮೇಲೆ ಬಿತ್ತು. "ಬಿಸಿಲಿಗೆ ಬಣ್ಣ ಹೋಗಾಕ ಹತ್ತಿತ್ತು," ಎಂದ ಕೊನೆಗೆ. ಅದನ್ನು ಕೇಳಿ ಯಾರೂ ನಗಲಿಲ್ಲ.

"ಹೆಂಗಸಿನ ಮ್ಯಾಲ ಹಿಂಗ ಹೆಸರಿಡೋದು ಈಗ ಅಪರಾಧ ಐತಿ," ಎಂದರು ಸಿದ್ದಲಿಂಗವ್ವ. "ಇಟ್ಟಾವಗೂ, ಕಲ್ಲು ಒಗದಾವಗೂ. ಠಾಣೆಗೆ ಹೋಗೂದು ಬಿಡೂದು ರಾಯವ್ವನ ಮಾತು. ಏನವಾ, ಏನ್ ಮಾಡೂಣು?"

ರಾಯವ್ವ ಎದ್ದಳು. ಎರಡು ದಿನಗಳಲ್ಲಿ ಮೊದಲ ಬಾರಿಗೆ ಬಾಯಿಂದ ಸೆರಗು ತೆಗೆದಳು. "ಠಾಣೆಗೆ ನಾಳೆ ಹೋಗತೇನಿ," ಎಂದಳು. "ಇವತ್ತು ಚಹಾ ಮಾಡತೇನಿ. ಎಲ್ಲಾರೂ ಕುಡದ ಹೋಗ್ರಿ. ಒಂದು ವಾರದಿಂದ ನನ್ನ ಕೈಲಿ ಯಾರೂ ನೀರು ಮುಟ್ಟಿಲ್ಲ."

ಒಲೆಯ ಸದ್ದು ಅಂಗಳದವರೆಗೆ ಕೇಳುತ್ತಿತ್ತು. ಆಕೆ ಹನ್ನೆರಡು ಕಪ್ಪುಗಳನ್ನು ತಟ್ಟೆಯಲ್ಲಿಟ್ಟು ತಂದು ಕಟ್ಟೆಯ ಮೇಲಿಟ್ಟಳು. ಯಾರೂ ಕೈ ಚಾಚಲಿಲ್ಲ. ನಾನು ಮುಂದೆ ಸರಿದಾಗ ಸಿದ್ದಲಿಂಗವ್ವ ನನ್ನ ತೋಳು ಹಿಡಿದರು. "ನೀವು ಬ್ಯಾಡ್ರಿ ಸರ್ರ. ಅವರು ಕುಡೀಬೇಕು."

ಅನ್ನಪೂರ್ಣಾ ಮೊದಲ ಕಪ್ಪು ಎತ್ತಿಕೊಂಡಳು. ಆಮೇಲೆ ನಿಜಗುಣಪ್ಪ. ಆಮೇಲೆ ಅರ್ಜುನ, ಇನ್ನಿಬ್ಬರು, ಮತ್ತೊಬ್ಬರು. ಕೃಷ್ಣವ್ವ ಕಪ್ಪನ್ನು ತುಟಿಯವರೆಗೆ ಒಯ್ದಳು, ಚಹಾದ ಮೇಲ್ಮೈಯನ್ನು ದಿಟ್ಟಿಸಿ ನೋಡಿದಳು, ಮತ್ತೆ ಕೆಳಗಿಟ್ಟು ಹೊರಟುಹೋದಳು. ಅವಳ ಹಿಂದೆಯೇ ಮೂವರು.

ರಾಯವ್ವ ಅವರು ದಾಟಿಹೋದ ಅಂಗಳದ ಬಾಗಿಲನ್ನು ನೋಡುತ್ತ ನಿಂತಳು. ಆಮೇಲೆ ಕುಡಿಯದೆ ಉಳಿದ ಕಪ್ಪುಗಳನ್ನು ಎಣಿಸಿ, ಒಂದೊಂದಾಗಿ ಒಳಗೆ ಒಯ್ದಳು. ಆರು ಇದ್ದವು.