ಹತ್ತನೇ ನಿಮಿಷದವಳು

ಜುಲೈ ತಿಂಗಳ ಸೆಕೆಯಲ್ಲಿ ಕೆನಡಾದ ಒಂಟಾರಿಯೊದ ಈ ಪುಟ್ಟ ಊರಿನ ಬೀದಿಗೆ ಹಿಮ ಸುರಿಸುವುದು ನನ್ನ ಕೆಲಸ. ಕ್ರಿಸ್‌ಮಸ್‌ಗೆ ಟೀವಿಯಲ್ಲಿ ಬರುವ ಸಿನಿಮಾಗಳೆಲ್ಲ ಬೇಸಿಗೆಯಲ್ಲೇ ಇಲ್ಲಿ ತಯಾರಾಗುತ್ತವೆ. ಕಥೆ ಒಂದೇ. ಹತ್ತನೇ ನಿಮಿಷದೊಳಗೆ ನಾಯಕ ನಗರದ ಪ್ರೇಯಸಿಯನ್ನು ಬಿಡಬೇಕು, ಅವಳು ಟ್ಯಾಕ್ಸಿ ಹತ್ತಿ ಹೋಗಬೇಕು, ಅವನು ಹುಟ್ಟೂರಿಗೆ ಬಂದು ಬೇಕರಿಯವಳಿಗೆ ಮನಸೋಲಬೇಕು, ಅವರ ಮುತ್ತಿನ ಮೇಲೆ ನಾನು ಹಿಮ ಬೀಳಿಸಬೇಕು.

ಇವನ್ನು ಬರೆಯುವ ಡಂಕನ್ ಮೂರು ವರ್ಷದಿಂದ ನನ್ನವನು. ಮೊದಲ ಸಲ ಸಿಕ್ಕಾಗ ನನ್ನ ರೆಪ್ಪೆಯ ಮೇಲಿದ್ದ ಕಾಗದದ ಹಿಮವನ್ನು ಬೆರಳಿನಿಂದ ತೆಗೆದು, "ಇದು ಕರಗೋದೇ ಇಲ್ವಲ್ಲ" ಎಂದು ನಕ್ಕಿದ್ದ. ಕರಗಿದ್ದು ನಾನು.

ಈ ಸಲದ ಸ್ಕ್ರಿಪ್ಟನ್ನು ಮಾತ್ರ ಅವನು ನನಗೆ ಮೊದಲೇ ತೋರಿಸಿರಲಿಲ್ಲ. ಇವತ್ತು ಬೆಳಿಗ್ಗೆ ಸೆಟ್ಟಿನಲ್ಲಿ ಎಲ್ಲರಿಗೂ ಹಂಚಿದಾಗಲೇ ಓದಿದ್ದು. ನಗರದ ಪ್ರೇಯಸಿಗೆ ಕ್ರಿಸ್‌ಮಸ್ ಮರದ ಹತ್ತಿರ ಹೋದರೆ ಒಂದೇ ಸಮನೆ ಸೀನು ಬರುತ್ತದೆ. ನನಗೂ ಅಷ್ಟೆ. "ಕ್ರಿಸ್‌ಮಸ್ ಅಂದ್ರೆ ನನಗೆ ಬರೀ ಸೊಂಟನೋವು" ಎನ್ನುತ್ತಾಳೆ. ಅವನ ಹೆಗಲಿಗೆ ತಲೆಯಾನಿಸಿ ನಾನು ಹೇಳಿದ್ದ ಮಾತದು.

ಬೇಕರಿಯವಳ ಎಡಗೈಯಲ್ಲಿ ಸುಟ್ಟ ಕಲೆ, ಒಂದೇ ಕೆನ್ನೆಯಲ್ಲಿ ಗುಳಿ. ಡಂಕನ್‌ನ ಅಮ್ಮನ ಮನೆ ಪಕ್ಕ ಬೇಕರಿ ನಡೆಸುವ ಟೆಸ್ಸಾಗೂ ಹಾಗೇ. ಅಮ್ಮನ ಮಂಡಿ ಆಪರೇಷನ್ ಎಂದು ಅವನು ವಸಂತದಲ್ಲಿ ಆರು ಸಲ ಊರಿಗೆ ಹೋಗಿದ್ದ. ಪ್ರತಿ ಸಲವೂ ನಾನು ಸೂಪ್ ಮಾಡಿ ಕಟ್ಟಿಕೊಟ್ಟಿದ್ದೆ, ಪೆದ್ದಿ.

ಹಾಳೆಯನ್ನು ಅವನ ಮುಂದೆ ಹಿಡಿದೆ. ಕಥೆ ಅಷ್ಟೇ ಎಂದು ಶುರುಮಾಡಿದವನು ಅರ್ಧಕ್ಕೇ ನಿಲ್ಲಿಸಿ, ಟೆಸ್ಸಾ ವಿಷಯ ಒಪ್ಪಿಕೊಂಡ. ಹೇಳಲು ಧೈರ್ಯ ಬರಲಿಲ್ಲವಂತೆ. ಬರೆಯಲು ಮಾತ್ರ ಬಂತು.

"ಟ್ಯಾಕ್ಸಿ ಹತ್ತಿದ ಮೇಲೆ ಅವಳು ಎಲ್ಲಿಗೆ ಹೋಗ್ತಾಳೆ, ಡಂಕನ್?"

"ಅದನ್ನ ಯಾರೂ ಕೇಳಲ್ಲ, ಕೊರಿನ್."

"ನಾನು ಕೇಳ್ತಿದೀನಲ್ಲ."

ಹಾಳೆಯನ್ನು ಅವನ ಕೈಗಿಟ್ಟು ನನ್ನ ಹಿಮಯಂತ್ರದ ಕಡೆ ನಡೆದೆ.

ನಮ್ಮಲ್ಲಿ ಕೊನೆಯ ದೃಶ್ಯವನ್ನೇ ಮೊದಲ ದಿನ ತೆಗೆಯುವುದುಂಟು. ಮಧ್ಯಾಹ್ನ ನಾಯಕ ಬೇಕರಿಯವಳಿಗೆ ಮುತ್ತಿಟ್ಟಾಗ ಯಂತ್ರ ಚಾಲೂ ಮಾಡಿ ಹಿಮ ಸುರಿಸಿದೆ. ಯಾವತ್ತಿಗಿಂತ ಚೆನ್ನಾಗಿಯೇ ಬಿತ್ತು.

ಡಂಕನ್ ಪಕ್ಕಕ್ಕೆ ಬಂದ. ನನ್ನ ರೆಪ್ಪೆಯ ಮೇಲೆ ಹಿಮ ಕೂತಿರಬೇಕು, ಹಳೆಯ ಅಭ್ಯಾಸಕ್ಕೆ ಅವನ ಬೆರಳು ಮೇಲೆದ್ದಿತು. ನಾನು ಮುಖ ತಿರುಗಿಸಿ ನಾನೇ ತೆಗೆದುಕೊಂಡೆ.

ಕಾಗದ ಒದ್ದೆಯಾಗಿತ್ತು.