ಎಡ ಹೆಗಲು

"ಎಡ ಹೆಗಲು ಮುಟ್ಟಬೇಡ."

ಅಳತೆಪಟ್ಟಿ ಹಿಡಿದ ಅವಳ ಕೈ ಅಲ್ಲೇ ನಿಂತಿತು. ಅರಮನೆಯ ದರ್ಜಿಯಾಗಿದ್ದ ಅಪ್ಪ ತೀರಿಕೊಂಡ ಮೇಲೆ, ಹಿರಿಯ ರಾಜಕುಮಾರನ ಅಳತೆ ತೆಗೆಯಲು ಅವಳು ಬಂದ ಮೊದಲ ದಿನವದು.

"ಮುಟ್ಟದೆ ಹೊಲಿಯೋದು ಹೇಗೆ ದೊರೆ? ಅಂಗಿ ಹೋಗಿ ಗೋಣಿಚೀಲ ಆಗುತ್ತೆ."

ಅವನು ನಕ್ಕುಬಿಟ್ಟ. ಆಮೇಲೆ ಬಾಗಿಲು ಹಾಕಿ ಹೆಗಲು ತೋರಿಸಿದ. ಮುರಿದ ಮೂಳೆ ಸೊಟ್ಟಗೆ ಕೂಡಿಕೊಂಡು ಆ ಬದಿ ಇಳಿದಿತ್ತು.

"ನನ್ನ ಪುಟ್ಟ ತಮ್ಮ ಕುದುರೆಯಿಂದ ಬೀಳ್ತಿದ್ದ. ಹಿಡಿಯೋಕೆ ಹೋಗಿ ಅವನಡಿಗೆ ಬಿದ್ದೆ. ಮೂಳೆ ಮುರಿದಿದ್ದು ಗೊತ್ತಾದ್ರೆ ಕೊರಗ್ತಾನೆ. ಅಂಗ ಊನ ಇದ್ದವನಿಗೆ ಪಟ್ಟ ಕಟ್ಟಲ್ಲ ಅನ್ನೋ ಕಟ್ಟಳೆ ಬೇರೆ."

ಅಂದಿನಿಂದ ಅವನ ಪ್ರತಿ ಅಂಗಿಯೊಳಗೂ ಅವಳು ಹತ್ತಿಯ ಸಣ್ಣ ಮೆತ್ತೆ ಇಟ್ಟು ಹೊಲಿದಳು. ಅವನು ಅವಳನ್ನು 'ಸೂಜಿ' ಎಂದು ಕರೆದ. ಗುಟ್ಟು ಕಾಯುತ್ತ ಕಾಯುತ್ತ ಇಬ್ಬರ ಮನಸ್ಸೂ ಜಾರಿತ್ತು. ಬಾಯಿ ಬಿಡಲಿಲ್ಲ, ಅಷ್ಟೇ. ಅರಮನೆ ಎಲ್ಲಿ, ಹೊಲಿಗೆಯವಳು ಎಲ್ಲಿ...

ಮಹಾರಾಜರು ತೀರಿಕೊಂಡಾಗ ಪಟ್ಟದ ನಿಲುವಂಗಿಯ ಕೆಲಸ ಅವಳಿಗೇ ಬಂತು. ಜೊತೆಗೆ ಸೇನಾಪತಿಯ ಅಂಗಿಯೂ. ಅವನು ರಾಜಕುಮಾರರ ಚಿಕ್ಕಪ್ಪ. ಗೋಡೆಗೂ ಕಿವಿಯಿದೆ ಎಂದು ಹೆದರುವ ದೊಡ್ಡವರು ದರ್ಜಿಗೆ ಮಾತ್ರ ಕಿವಿಯಿಲ್ಲವೆಂದೇ ತಿಳಿದಿರುತ್ತಾರೆ. ಅವಳು ಮಂಡಿಯೂರಿ ಅಂಚು ಮಡಿಸುತ್ತಿದ್ದಾಗ ಅವನು ತನ್ನ ಬಂಟನಿಗೆ ಹೇಳಿದ:

"ದೊಡ್ಡವನಿಗೆ ಪಟ್ಟ ಆದ್ರೆ ಅವತ್ತಿನ ಊಟವೇ ಅವನ ಕೊನೇ ಊಟ. ಚಿಕ್ಕವನು ಕೂತ್ರೆ ಯಾರನ್ನೂ ಕೊಲ್ಲೋ ಕೆಲಸ ಇಲ್ಲ. ಹೇಳಿದ ಹಾಗೆ ಕೇಳ್ತಾನೆ."

ಸೂಜಿ ಅವಳ ಬೆರಳಿಗೆ ಚುಚ್ಚಿತು.

'ಹೇಳಲೇ? ಹೇಳಿದರೆ ಓಡುವವನಲ್ಲ... ಕತ್ತಿ ಹಿಡಿದು ನಿಲ್ಲುತ್ತಾನೆ. ಸೈನ್ಯವೆಲ್ಲ ಇವನ ಕೈಯಲ್ಲಿದೆ...'

ಪಟ್ಟದ ದಿನ, ತುಂಬಿದ ಸಭೆಯ ಎದುರು ಹಿರಿಯ ರಾಜಕುಮಾರನಿಗೆ ನಿಲುವಂಗಿ ತೊಡಿಸಿದರು. ಒಳಗೆ ಮೆತ್ತೆ ಇರಲಿಲ್ಲ. ಎಡಗಡೆ ಅಂಗಿ ಜಾರಿ ಹೆಗಲಿನ ಊನ ಎದ್ದು ಕಂಡಿತು, ಗುಸುಗುಸು ಎದ್ದಿತು. ಅವನು ಸಭೆಯನ್ನು ನೋಡಲಿಲ್ಲ. ಕಂಬದ ಬಳಿ ನಿಂತಿದ್ದ ಅವಳನ್ನು ನೋಡಿದ.

ಪಟ್ಟ ತಮ್ಮನಿಗಾಯಿತು. ಅಣ್ಣನನ್ನು ಗಡಿ ದಾಟಿಸಿದರು. ಅವನಿಲ್ಲದ ಅರಮನೆಯಲ್ಲಿ ಸೂಜಿಗೆ ದಾರ ಪೋಣಿಸಲೂ ಅವಳಿಂದಾಗಲಿಲ್ಲ. ಅವಳೂ ಗಡಿಯಾಚೆಯ ಪೇಟೆಗೆ ಬಂದು ಸಣ್ಣ ಅಂಗಡಿ ಇಟ್ಟುಕೊಂಡಳು.

ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು.

"ಅಂಗಿ ಹರಿದಿದೆ. ಹೊಲೀತೀಯಾ, ಸೂಜಿ?"

ಅವಳು ಎದ್ದು ಮಣೆ ಹಾಕಿದಳು. ಅವನು ಕೂರಲಿಲ್ಲ.

"ಯಾಕೆ ಹಾಗೆ ಮಾಡಿದೆ? ಅಷ್ಟು ಕೇಳಿ ಹೋಗ್ತೀನಿ."

ಚಿಕ್ಕಪ್ಪ ಆಡಿದ್ದನ್ನೆಲ್ಲ ಅವಳು ಹೇಳಿದಳು.

"ನನಗೆ ಹೇಳಬಹುದಿತ್ತು."

"ಹೇಳಿದ್ರೆ ಓಡಿಹೋಗ್ತಿದ್ರಾ?"

"ಇಲ್ಲ."

"ಅದಕ್ಕೇ..."

"ಮೊನ್ನೆ ಗಡಿ ಸೇತುವೆವರೆಗೂ ತಮ್ಮನ ಮೆರವಣಿಗೆ ಬಂದಿತ್ತು. ಈ ದಡದ ಗುಂಪಲ್ಲಿ ನನ್ನ ಗುರುತು ಹಿಡಿದ. ಕೈ ಬೀಸಲಾ ಅಂತ ಚಿಕ್ಕಪ್ಪನ ಮುಖ ನೋಡಿದ... ಬೀಸಲಿಲ್ಲ. ನನ್ನ ನಿಲುವಂಗಿಯನ್ನೇ ಹಾಕಿದ್ದಾರೆ ಅವನಿಗೆ. ತೋಳು ಬೆರಳು ದಾಟಿ ಇಳಿಬಿದ್ದಿತ್ತು."

ಅವಳು ಮುಖ ಮುಚ್ಚಿಕೊಂಡು ಅತ್ತಳು. "ನಿಮ್ಮನ್ನ ಉಳಿಸೋಕೆ ಆ ಮಗುನ ಕೊಟ್ಟುಬಿಟ್ಟೆ. ನಿಮ್ಮ ಮೇಲಿನ ಆಸೆ ಕಣ್ಣು ಕಟ್ಟಿತ್ತು."

"ಆಸೆ ನನಗೂ ಇತ್ತು. ಅದಕ್ಕೇ ಅಷ್ಟು ಸಿಟ್ಟು ಬಂದಿದ್ದು." ಅವನ ಕಣ್ಣೂ ತುಂಬಿತ್ತು.

ಅಳತೆಪಟ್ಟಿ ಎತ್ತಿಕೊಂಡ ಅವಳ ಕೈ ಅಭ್ಯಾಸಬಲದಿಂದ ಹತ್ತಿಯ ಬುಟ್ಟಿಗೂ ಹೋಯಿತು. ಅವನು ತಡೆದ.

"ಹತ್ತಿ ಬೇಡ. ಇರೋ ಹಾಗೇ ಹೊಲಿ."

"ಈಗಲೂ ನೋಯುತ್ತಾ?"

"ಮುಟ್ಟಿ ನೋಡು."

ಅವಳು ಮುಟ್ಟಿದಳು. ಆಮೇಲೆ ಆ ಇಳಿದ ಹೆಗಲಿಗೆ ತಲೆಯಿಟ್ಟಳು. ಅವನು ಹೋಗುವ ಮಾತು ಮತ್ತೆ ಎತ್ತಲಿಲ್ಲ.

"ತಮ್ಮನಿಗೂ ಒಂದು ಅಂಗಿ ಹೊಲಿ, ಸೂಜಿ. ಅವನ ಅಳತೆಗೆ."

"ಕಳಿಸೋಕೆ ಆಗುತ್ತಾ?"

"ಆಗಲ್ಲ."

ಅವಳು ಕಣ್ಣೊರೆಸಿಕೊಂಡು ಬಟ್ಟೆ ಹಾಸಿದಳು.

"ಒಳಗೆ ಹೆಚ್ಚಿಗೆ ಬಟ್ಟೆ ಮಡಿಸಿ ಬಿಟ್ಟು ಹೊಲೀತೀನಿ. ಬೆಳೆದ ಮೇಲೆ ಬಂದ್ರೂ ಆಗುತ್ತೆ."