ಡಿಸ್ಕಿನಲ್ಲಿ ಮಾಯವಾದ ಜಾಗ

ಮಾರ್ಚ್ ಹನ್ನೊಂದರ ಬೆಳಗ್ಗೆ ಎಂಟೂವರೆಗೆ ತುರ್ತು ಕರೆ ಕೇಂದ್ರದ ಮೇಲ್ವಿಚಾರಕ ಪ್ರೂಯಿಟ್ ಬೂಟಿನ ಹಿಮವನ್ನೂ ಕೊಡವದೆ ಠಾಣೆಗೆ ನುಗ್ಗಿದ. ಕರೆಗಳನ್ನು ದಾಖಲಿಸುವ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಹಿಂದಿನ ದಿನ ಭರ್ತಿಯಾಗಿ, ಪರದೆಗಳೆಲ್ಲ ಸ್ತಬ್ಧವಾಗಿದ್ದವು. ಅದೇ ಹೊತ್ತಿಗೆ ಪಾರ್ಶ್ವವಾಯು ಬಡಿದ ಮುದುಕನೊಬ್ಬನ ಕರೆ ತಪ್ಪಿಹೋಗಿತ್ತು. ಅವನ ಜೀವ ಉಳಿದಿತ್ತು, ಮಾತು ಹೋಗಿತ್ತು.

"ಜಾಗ ಮಾಡಿದಷ್ಟೂ ಮಾಯ ಆಗ್ತಿದೆ ಸಾರ್. ಇವತ್ತು ಸಂಜೆಗೆ ಮತ್ತೆ ತುಂಬುತ್ತೆ. ಯಾರೋ ಬೇಕಂತಲೇ ಮಾಡ್ತಿದಾರೆ."

ಇನ್‌ಸ್ಪೆಕ್ಟರ್ ಹಾಲ್ವರ್ಸನ್ ಎಫ್‌ಐಆರ್ ಬರೆಸಿ, ಕಂಪ್ಯೂಟರ್ ಬಲ್ಲ ಕಾನ್‌ಸ್ಟೆಬಲ್ ಡೆಲ್ಮರನೊಂದಿಗೆ ಹೊರಟ. ಮುದುಕನನ್ನು ನೆನೆದು ಅವನ ರಕ್ತ ಕುದಿಯುತ್ತಿತ್ತು.

ಕೇಂದ್ರದಲ್ಲಿ ಇಪ್ಪತ್ತು ವರ್ಷದಿಂದ ಕರೆ ತೆಗೆದುಕೊಳ್ಳುತ್ತಿದ್ದ ಇರ್ಮಾ ಕೋಸ್ಕಿ, ಕಿವಿಯ ಹೆಡ್‌ಫೋನ್ ತೆಗೆಯದೆಯೇ ಮನೆಯಲ್ಲಿ ಮಾಡಿದ ನಿಂಬೆ ಸಿಹಿಬಿಲ್ಲೆಗಳ ಡಬ್ಬಿ ಮುಂದೆ ತಳ್ಳಿದಳು. "ತಿನ್ರಪ್ಪ. ಹಸಿದಿದ್ರೆ ಸಿಕ್ಕಿದೋರ್ನೆಲ್ಲ ಹಿಡ್ಕೊಂಡ್ ಹೋಗ್ತೀರ." ಡೆಲ್ಮರ್ ಎರಡು ತಿಂದ.

ವೈರಸ್ ಇರಲಿಲ್ಲ. ಕಸದ ಫೈಲುಗಳನ್ನು ಅಳಿಸಿದರೂ ಸಿಕ್ಕ ಜಾಗ ಅಷ್ಟಕ್ಕಷ್ಟೆ. ಡೆಲ್ಮರ್ ಕಣ್ಣಿಗೆ ಕಾಣುವ ಫೋಲ್ಡರುಗಳ ಅಳತೆಯನ್ನೆಲ್ಲ ಕೂಡಿಸಿದ. ಡಿಸ್ಕಿನ ಅರ್ಧವೂ ಆಗಲಿಲ್ಲ.

"ಉಳಿದರ್ಧ ಎಲ್ಹೋಯ್ತು?" ಎಂದ ಹಾಲ್ವರ್ಸನ್. ಗಂಟೆ ಮೂರು ದಾಟಿತ್ತು.

ಮೇಲ್ವಿಚಾರಕನ ಪಾಸ್‌ವರ್ಡಿನಿಂದ ಒಳಹೊಕ್ಕಾಗ, ಪ್ರೂಯಿಟ್ ಎಂದೂ ಇಣುಕಿ ನೋಡದ ಕಡೆ ಹಳೆಯ ಕರೆಗಳ ರಾಶಿ ಬಿದ್ದಿತ್ತು. ಮೂರು ತಿಂಗಳು ದಾಟಿದವು ತಾವಾಗಿಯೇ ಅಳಿಯಬೇಕು. ಆ ಏರ್ಪಾಟನ್ನೇ ಯಾರೋ ನಿಲ್ಲಿಸಿದ್ದರು.

"ಪಾಸ್‌ವರ್ಡ್ ಯಾರಿಗೆ ಗೊತ್ತು?"

"ನನಗೊಬ್ಬನಿಗೆ," ಎಂದ ಪ್ರೂಯಿಟ್.

ಡೆಲ್ಮರ್ ಅವನ ಕೀಬೋರ್ಡ್ ಎತ್ತಿದ. ಅಡಿಯಲ್ಲಿ ಚೀಟಿ ಅಂಟಿತ್ತು. "ನಿಮಗೊಬ್ಬರಿಗೆ, ಆಮೇಲೆ ಇಡೀ ಊರಿಗೆ."

ಆ ರಾಶಿಯಲ್ಲಿ ಒಂದು ಕರೆಯನ್ನು ಮಾತ್ರ ಮತ್ತೆ ಮತ್ತೆ ಕೇಳಲಾಗಿತ್ತು, ಪ್ರತಿ ಸಲವೂ ಇರ್ಮಾಳ ಪಾಳಿ ಮುಗಿದ ಮೇಲೆ. ಡೆಲ್ಮರ್ ಗುಂಡಿ ಒತ್ತಿದ.

"ಇರ್ಮಾ? ನೀನಾ ಚಿನ್ನ? ಕಾಲಡಿ ಐಸ್ ಒಡೀತು ಕಣೇ..."

ಹಾಲ್ವರ್ಸನ್ ತಟ್ಟನೆ ನಿಲ್ಲಿಸಿದ. ಆ ದನಿ ಅವಳ ಗಂಡ ಯೂಜೀನನದು. ಹಿಂದಿನ ಚಳಿಗಾಲದಲ್ಲಿ ಮೀನು ಹಿಡಿಯಲು ಹೋಗಿ ಹೆಪ್ಪುಗಟ್ಟಿದ ಸರೋವರದಲ್ಲಿ ಮುಳುಗಿದ್ದ. ಶವ ಎತ್ತಿದವರಲ್ಲಿ ಹಾಲ್ವರ್ಸನ್ನನೂ ಒಬ್ಬ.

ಇರ್ಮಾ ಹೆಡ್‌ಫೋನ್ ಕಳಚಿ ಪಕ್ಕದವಳಿಗೆ ಕೊಟ್ಟು ಎದ್ದು ಬಂದಳು. "ಅದೊಂದನ್ನೇ ಉಳಿಸೋಕೆ ದಾರಿ ಇರ್ಲಿಲ್ಲ. ಎಲ್ಲಾನೂ ಉಳಿಸ್ದೆ."

"ನಕಲು ಕೇಳಬಹುದಿತ್ತಲ್ಲ?" ಎಂದ ಹಾಲ್ವರ್ಸನ್.

"ಕೇಳಿದ್ರೆ ಕೊಡೋಕ್ ಮುಂಚೆ ನೀವೆಲ್ಲ ಕೂತು ಕೇಳಿಸ್ಕೊಳ್ತಿದ್ರಿ. ಅವನು ನನ್ನೊಬ್ಬಳಿಗೆ ಹೇಳಿದ್ದು ಅದು."

"ಆ ಮುದುಕ ಯಾರಿಗೂ ಏನೂ ಹೇಳೋ ಹಾಗಿಲ್ಲ ಇನ್ನು."

"ಗೊತ್ತು." ಅವಳು ಪರದೆಯತ್ತ ತಿರುಗಿದಳು. "ಈಗ ಅಳಿಸಿಬಿಡ್ತೀರಾ?"

ಹಾಲ್ವರ್ಸನ್ ಪಂಚನಾಮೆ ಬರೆಸಿದ. ಆ ಕರೆಯನ್ನು ಮೊದಲನೆಯ ಸಾಕ್ಷ್ಯವೆಂದು ನಮೂದಿಸಿ, ಬೇರೆ ಡಿಸ್ಕಿಗೆ ಇಳಿಸಿ ಮೊಹರು ಹಾಕಿಸಿದ. ಉಳಿದ ಹಳೆಯ ಕರೆಗಳು ಅಳಿಯತೊಡಗಿದವು. ಪರದೆಯಲ್ಲಿ ಜಾಗ ನಿಧಾನವಾಗಿ ತೆರವಾಗುತ್ತ ಬಂತು.

"ಸಾಕ್ಷ್ಯನ ಯಾರೂ ಅಳಿಸೋ ಹಾಗಿಲ್ಲ, ಇರ್ಮಾ," ಎಂದ. "ನೀನು ತಪ್ಪೊಪ್ಪಿಕೊಂಡ್ರೆ, ಕೋರ್ಟಲ್ಲೂ ಅದನ್ನ ಯಾರೂ ಕೇಳಿಸ್ಕೊಳ್ಳೋ ಅಗತ್ಯ ಇಲ್ಲ."

ಇರ್ಮಾ ಕೋಳಕ್ಕೆಂದು ಎರಡೂ ಕೈಗಳನ್ನು ಮುಂದೆ ಚಾಚಿದಳು.